ಮಾರಿದ ಮೇಲೂ ಬದಲಾಗುವ ಬಂಡಿ: ವಿದ್ಯುತ್ ಕಾರುಗಳ ತಂತ್ರಾಂಶ ಪರಿಷ್ಕರಣವೂ ಅದರ ದಾಖಲೆಯೂ

ಮೋಟಾರು ವಾಹನಗಳ ಚರಿತ್ರೆಯನ್ನು ಬರೆಯುವವರಿಗೆ ಬಹುಕಾಲ ಒಂದು ಅನುಕೂಲವಿತ್ತು. ಕಾರ್ಖಾನೆಯಿಂದ ಹೊರಬಿದ್ದ ಗಾಡಿ, ಸವೆದರೂ ತುಕ್ಕು ಹಿಡಿದರೂ, ಅದೇ ಗಾಡಿಯಾಗಿ ಉಳಿಯುತ್ತಿತ್ತು. ವಸ್ತುಸಂಗ್ರಹಾಲಯದಲ್ಲಿ ನಿಂತಿರುವ ಫೋರ್ಡ್ ಮಾಡೆಲ್ ಟಿ ವಾಹನವನ್ನು ಬಿಚ್ಚಿ ನೋಡಿ ಅದರ ಬ್ರೇಕು ಹೇಗೆ ಕೆಲಸ ಮಾಡುತ್ತಿತ್ತೆಂಬುದನ್ನು ಇಂದಿಗೂ ಹೇಳಬಹುದು. ಅಮೆರಿಕದ ಟೆಸ್ಲಾ ಸಂಸ್ಥೆಯು 2012ರ ಜೂನ್ ತಿಂಗಳಲ್ಲಿ ಮಾಡೆಲ್ ಎಸ್ ಎಂಬ ವಿದ್ಯುತ್ ಕಾರನ್ನು ಗ್ರಾಹಕರಿಗೆ ಒಪ್ಪಿಸತೊಡಗಿದ ಮೇಲೆ ಈ ಅನುಕೂಲವು ಕ್ರಮೇಣ ತಪ್ಪುತ್ತ ಬಂದಿದೆ. ಮಾರಾಟವಾದ ಕಾರಿನೊಳಗಣ ತಂತ್ರಾಂಶವನ್ನು, ಕಾರು ಮಾಲೀಕನ ಮನೆಯಂಗಳದಲ್ಲಿ ನಿಂತಿರುವಾಗಲೇ, ತಂತಿಯ ಸಂಪರ್ಕವಿಲ್ಲದೆ ಬದಲಾಯಿಸುವ ಪದ್ಧತಿ ಈ ಕಾರಿನೊಡನೆ ಪ್ರಸಿದ್ಧಿಗೆ ಬಂದಿತು. ಜನರ ಬಾಯಲ್ಲಿ ಅದು ‘ಅಪ್‌ಡೇಟ್’. ಪ್ರಕೃತ ಲೇಖನದಲ್ಲಿ ಅದನ್ನು ನಿಸ್ತಂತು ಪರಿಷ್ಕರಣವೆಂದು ಕರೆಯುತ್ತೇವೆ.

ಈ ಪರಿಷ್ಕರಣವು ಹಿತವೋ ಅಹಿತವೋ ಎಂಬ ಚರ್ಚೆ ಧಾರಾಳವಾಗಿ ನಡೆದಿದೆ. ಅದನ್ನು ಮುಂದುವರಿಸುವ ಉದ್ದೇಶ ನಮಗಿಲ್ಲ. ನಿನ್ನೆ ಇದ್ದ ಕಾರು ಇಂದು ಅದೇ ಕಾರಲ್ಲವಾದರೆ, ನಿನ್ನೆಯದು ಹೇಗಿತ್ತೆಂಬುದಕ್ಕೆ ಸಾಕ್ಷ್ಯ ಎಲ್ಲಿದೆ, ಯಾರ ವಶದಲ್ಲಿದೆ ಎಂಬುದೇ ಇಲ್ಲಿ ನಮ್ಮ ಪ್ರಶ್ನೆ.

ಬಳಸುವವರ ಅನುಭವವನ್ನು ಮೊದಲು ಸಂಗ್ರಹವಾಗಿ ಹೇಳಬೇಕು. ಹೊಸ ಆವೃತ್ತಿ ಬಂದಿದೆಯೆಂಬ ಸೂಚನೆ ಕಾರಿನ ಪರದೆಯ ಮೇಲೆ ಮೂಡುತ್ತದೆ. ಮಾಲೀಕನು ಒಪ್ಪಿದರೆ, ಸಾಮಾನ್ಯವಾಗಿ ರಾತ್ರಿಯ ಹೊತ್ತು, ಗಾಡಿ ನಿಂತಿರುವಾಗ ಅದು ಒಳಗೆ ಸೇರುತ್ತದೆ. ಅಷ್ಟು ಹೊತ್ತು ಗಾಡಿಯನ್ನು ಓಡಿಸುವಂತಿಲ್ಲ. ಬೆಳಗ್ಗೆ ನೋಡಿದರೆ ಕೆಲವು ಹಳೆಯ ತೊಂದರೆಗಳು ನೀಗಿರುತ್ತವೆ, ಕೆಲವು ಹೊಸವು ಹುಟ್ಟಿರುತ್ತವೆ. 2021ರ ಡಿಸೆಂಬರಿನಲ್ಲಿ ಟೆಸ್ಲಾ ಕಾರುಗಳಿಗೆ 11ನೆಯ ಆವೃತ್ತಿ ಬಂದಾಗ, ಗಾಜಿನ ಮಂಜನ್ನು ಕರಗಿಸುವ ಗುಂಡಿ ಮೊದಲಿನ ಸ್ಥಳದಲ್ಲಿ ಇಲ್ಲವೆಂದು ಚಳಿದೇಶದ ಮಾಲೀಕರು ದೂರಿದರು. ಹಿಂದಿನ ಆವೃತ್ತಿಯೇ ಸಾಕೆಂದು ಅದಕ್ಕೆ ಮರಳುವ ದಾರಿ ಅವರಿಗಿರಲಿಲ್ಲ. ಅಂಗಳದಲ್ಲಿ ನಿಂತ ಕಾರಿನೊಳಗೆ ಹಳೆಯದು ಅಳಿಸಿಹೋಗಿತ್ತು.

ಈ ‘ಅಳಿಸಿಹೋಗುವಿಕೆ’ ಕನ್ನಡದ ಚರಿತ್ರೆಯ ಅಭ್ಯಾಸಿಗಳಿಗೆ ಅಪರಿಚಿತವೇನಲ್ಲ. ನಮ್ಮಲ್ಲಿ ಲೆಕ್ಕಪತ್ರಗಳನ್ನು ಕಡತದಲ್ಲಿ ಬರೆಯುವ ರೂಢಿಯಿತ್ತು. ಬಟ್ಟೆಗೆ ಹುಣಿಸೆಬೀಜದ ಸರಿಯನ್ನೂ ಇದ್ದಿಲಿನ ಕಪ್ಪನ್ನೂ ಬಳಿದು, ಮಡಿಕೆ ಮಡಿಕೆಯಾಗಿ ಮಡಿಸಿ, ಅದರ ಮೇಲೆ ಬಳಪದಿಂದ ಬರೆಯುತ್ತಿದ್ದರು. ಬೇಡವಾದುದನ್ನು ಒರಸಿ ಮತ್ತೆ ಬರೆಯಬಹುದಾಗಿತ್ತು. ಅದೇ ಕಾಲದಲ್ಲಿ ದಾನವನ್ನು ಕಲ್ಲಿನಲ್ಲಿಯೂ ತಾಮ್ರದಲ್ಲಿಯೂ ಕೆತ್ತಿಸುತ್ತಿದ್ದರೆಂಬುದನ್ನು ವಾಚಕರು ಬಲ್ಲರು. ಒರಸಬಹುದಾದುದು ಯಾವುದು, ಒರಸಲಾಗದುದು ಯಾವುದು ಎಂಬ ವಿವೇಚನೆ ಬರೆಯಿಸಿದವರಲ್ಲಿ ಸ್ಪಷ್ಟವಾಗಿಯೇ ಇತ್ತು.

ವಾಹನಗಳ ವಿಷಯದಲ್ಲಿ ಒರಸಲಾಗದ ದಾಖಲೆಯೊಂದನ್ನು ನಿರ್ಮಿಸಿದುದು ಅಮೆರಿಕದ 1966ರ ವಾಹನ ಸುರಕ್ಷತಾ ಶಾಸನ. ಸುರಕ್ಷತೆಗೆ ಸಂಬಂಧಿಸಿದ ದೋಷ ಕಂಡುಬಂದರೆ ನಿರ್ಮಾಪಕನು ಅದನ್ನು ಸರಕಾರಕ್ಕೂ ಕೊಂಡವರಿಗೂ ತಿಳಿಸಬೇಕೆಂದು ಅದು ವಿಧಿಸಿತು; ಉಚಿತವಾಗಿ ಸರಿಪಡಿಸಿಕೊಡಬೇಕೆಂಬ ವಿಧಿ 1974ರ ತಿದ್ದುಪಡಿಯಿಂದ ಸೇರಿತು. ಇದೇ ‘ರೀಕಾಲ್’ ಎಂದು ಹೆಸರಾದ ಕ್ರಮ. ಹೆಸರು ಗಾಡಿಯನ್ನು ಹಿಂದಕ್ಕೆ ಕರೆಯಿಸುವುದನ್ನು ಸೂಚಿಸಿದರೂ, ನಮ್ಮ ದೃಷ್ಟಿಯಲ್ಲಿ ಅದರ ತಿರುಳು ಬೇರೆ. ದೋಷವೇನು, ಎಷ್ಟು ಗಾಡಿಗಳಲ್ಲಿತ್ತು, ಯಾವ ದಿನ ತಿಳಿಯಿತು, ಪರಿಹಾರವೇನು ಎಂಬುದನ್ನು ನಿರ್ಮಾಪಕನೇ ಬರೆದು, ತಾರೀಖು ಸಹಿತ ಸಾರ್ವಜನಿಕರ ಮುಂದೆ ಇಡಬೇಕಾಗುತ್ತದೆ.

ಆದುದರಿಂದಲೇ 2014ರ ಜನವರಿಯಲ್ಲಿ ನಡೆದ ಒಂದು ಸಣ್ಣ ಪ್ರಸಂಗವನ್ನು ನಾವು ಸಣ್ಣದೆಂದು ಎಣಿಸುವುದಿಲ್ಲ. ಮಾಡೆಲ್ ಎಸ್ ಕಾರುಗಳ ಚಾರ್ಜಿಂಗ್ ಅಡಾಪ್ಟರು ಅತಿಯಾಗಿ ಕಾಯುವ ಸಂಭವವಿದ್ದುದರಿಂದ 29,222 ಗಾಡಿಗಳ ರೀಕಾಲ್ ಪ್ರಕಟವಾಯಿತು. ವಿದ್ಯುತ್ ಪೂರೈಕೆಯಲ್ಲಿ ಏರುಪೇರು ಕಂಡರೆ ಪ್ರವಾಹವನ್ನು ತಗ್ಗಿಸುವ ತಂತ್ರಾಂಶವನ್ನು ಸಂಸ್ಥೆಯು ಆ ವೇಳೆಗಾಗಲೇ ಕಳುಹಿಸಿಯಾಗಿತ್ತು. ಒಂದು ಗಾಡಿಯೂ ಕದಲದಿರುವಾಗ ಈ ಪದವೇಕೆಂದು ಸಂಸ್ಥೆಯ ಮುಖ್ಯಸ್ಥ ಇಲಾನ್ ಮಸ್ಕ್ ಆಕ್ಷೇಪಿಸಿ, ಆ ಪದವನ್ನೇ ಹಿಂದಕ್ಕೆ ಕರೆಯಿಸಬೇಕೆಂದು ಲೇವಡಿ ಮಾಡಿದರು. ಮಾತು ಚಮತ್ಕಾರವಾಗಿದೆ, ಒಪ್ಪತಕ್ಕದ್ದಲ್ಲ. ಗಾಡಿ ಕದಲಲಿಲ್ಲ, ನಿಜ, ಕಾಗದ ಕದಲಿತು. ಮುಖ್ಯವಾದುದು ಅದೇ.

ಕಾಗದವಿಲ್ಲದೆ ಕಾರು ಬದಲಾದರೆ ಏನಾಗುತ್ತದೆಂಬುದಕ್ಕೆ 2019ರ ಪ್ರಸಂಗವನ್ನು ನೋಡಬಹುದು. ಅದಕ್ಕೆ ಮೊದಲು, ನಿರ್ಮಾಪಕನ ಕೈ ಮಾರಾಟವಾದ ಬ್ಯಾಟರಿಯವರೆಗೆ ಚಾಚಿದ ಬಗೆಯನ್ನು ಹೇಳಬೇಕು. ಇಲ್ಲಿ ಬೆಂಗಳೂರಿಗೂ ಒಂದು ಸ್ಥಾನವಿದೆ. 2001ರಲ್ಲಿ ಪುಟ್ಟ ವಿದ್ಯುತ್ ಕಾರನ್ನು ಮಾರುಕಟ್ಟೆಗೆ ತಂದ ನಮ್ಮ ರೇವಾ ಸಂಸ್ಥೆಯು 2009ರ ಫ್ರಾಂಕ್‌ಫರ್ಟ್ ಮೋಟಾರು ಪ್ರದರ್ಶನದಲ್ಲಿ ‘ರಿವೈವ್’ ಎಂಬ ಏರ್ಪಾಡನ್ನು ಪ್ರಕಟಿಸಿತು. ದಾರಿಯಲ್ಲಿ ಬ್ಯಾಟರಿ ಬರಿದಾದವನು ದೂರವಾಣಿಯಲ್ಲಿ ಕೇಳಿಕೊಂಡರೆ, ಸಂಸ್ಥೆಯ ಕೇಂದ್ರದವರು ದೂರದಿಂದಲೇ ಬ್ಯಾಟರಿಯ ಸ್ಥಿತಿಯನ್ನು ನೋಡಿ, ಮೀಸಲಾಗಿಟ್ಟಿದ್ದ ಶಕ್ತಿಯನ್ನು ಬಿಡುಗಡೆ ಮಾಡುವರು. 2010ರಲ್ಲಿ ರೇವಾ ಮಹೀಂದ್ರದವರ ಆಡಳಿತಕ್ಕೆ ಸೇರಿದ ಬಳಿಕ 2013ರಲ್ಲಿ ಮಾರಾಟಕ್ಕೆ ಬಂದ ಇ2ಒ ಕಾರಿನಲ್ಲಿಯೂ ಈ ಸೌಕರ್ಯವಿತ್ತು. ಕೊಂಡವನ ಕಾರಿನಲ್ಲಿಯೇ ಇರುವ ಶಕ್ತಿಗೆ ಬೀಗದ ಕೈ ಸಂಸ್ಥೆಯ ಬಳಿಯಿತ್ತೆಂಬುದು ಇದರ ತಾತ್ಪರ್ಯ.

2017ರ ಸೆಪ್ಟೆಂಬರಿನಲ್ಲಿ ಫ್ಲಾರಿಡಾ ಪ್ರಾಂತ್ಯದ ಮೇಲೆ ಇರ್ಮಾ ಚಂಡಮಾರುತ ಬಂದಾಗ ಟೆಸ್ಲಾ ಮಾಡಿದುದೂ ಇದನ್ನೇ ಹೋಲುತ್ತದೆ. 60 ಕಿಲೋವಾಟ್-ಗಂಟೆಯವೆಂದು ಮಾರಲಾಗಿದ್ದ ಕೆಲವು ಕಾರುಗಳಲ್ಲಿ ವಾಸ್ತವವಾಗಿ 75ರ ಬ್ಯಾಟರಿಯಿದ್ದು, ತಂತ್ರಾಂಶವು ಅದಕ್ಕೆ ಕಟ್ಟು ಹಾಕಿತ್ತು. ಊರು ಬಿಟ್ಟು ಹೊರಟವರಿಗೆ ಆ ಕಟ್ಟನ್ನು ಕೆಲವು ದಿನ ಸಡಿಲಿಸಲಾಯಿತು. ಉಪಕಾರವೆಂಬುದರಲ್ಲಿ ಸಂದೇಹವಿಲ್ಲ. ದೂರದಿಂದ ಕೊಡಬಲ್ಲವನು ದೂರದಿಂದ ತೆಗೆದುಕೊಳ್ಳಲೂ ಬಲ್ಲನೆಂಬುದು ಎರಡು ವರ್ಷಗಳೊಳಗೆ ವಿದಿತವಾಯಿತು.

2019ರ ವಸಂತದಲ್ಲಿ ಷಾಂಘೈ ಮತ್ತು ಹಾಂಗ್‌ಕಾಂಗ್ ನಗರಗಳಲ್ಲಿ ನಿಂತಿದ್ದ ಮಾಡೆಲ್ ಎಸ್ ಕಾರುಗಳಿಗೆ ಬೆಂಕಿ ಹತ್ತಿತು. ಮೇ ತಿಂಗಳಲ್ಲಿ ಸಂಸ್ಥೆಯು, ಮುನ್ನೆಚ್ಚರಿಕೆಗಾಗಿ ಚಾರ್ಜಿಂಗ್ ಮತ್ತು ಶಾಖನಿಯಂತ್ರಣದ ಕ್ರಮಗಳನ್ನು ಪರಿಷ್ಕರಿಸುತ್ತಿರುವುದಾಗಿ ಹೇಳಿ, ಹೊಸ ಆವೃತ್ತಿಯನ್ನು ಕಳುಹಿಸಿತು. ಆ ಬಳಿಕ ಕೆಲವು ಹಳೆಯ ಕಾರುಗಳ ಬ್ಯಾಟರಿ ಪೂರ್ತಿ ತುಂಬುವುದು ನಿಂತಿತು. ಒಂದೇ ಚಾರ್ಜಿನಲ್ಲಿ ಕ್ರಮಿಸುವ ದೂರ ಕುಗ್ಗಿತು. ಇದು ರೀಕಾಲ್ ಆಗಿರಲಿಲ್ಲ. ಎಷ್ಟು ಗಾಡಿಗಳಲ್ಲಿ, ಎಷ್ಟರ ಮಟ್ಟಿಗೆ, ಯಾವ ಕಾರಣದಿಂದ ಎಂಬ ಪ್ರಕಟಣೆ ಇರಲಿಲ್ಲ. ಮಾಲೀಕರು ತಮ್ಮ ತಮ್ಮ ಅಂಕಿಗಳನ್ನು ಬರೆದಿಟ್ಟುಕೊಂಡು ಪರಸ್ಪರ ಹೋಲಿಸಿ ನೋಡಿ ನಷ್ಟವನ್ನು ಊಹಿಸಬೇಕಾಯಿತು. ಆಗಸ್ಟಿನಲ್ಲಿ ವಿಷಯ ಕ್ಯಾಲಿಫೋರ್ನಿಯದ ನ್ಯಾಯಾಲಯವನ್ನು ಮುಟ್ಟಿತು. 2021ರ ಜುಲೈನಲ್ಲಿ ಸಲ್ಲಿಸಲಾದ ರಾಜಿಪತ್ರದಿಂದ, 1,743 ಕಾರುಗಳ ವೋಲ್ಟೇಜನ್ನು ತಗ್ಗಿಸಲಾಗಿತ್ತೆಂದೂ ಸುಮಾರು ಮೂರು ತಿಂಗಳು ಶೇಕಡಾ 10ರಷ್ಟೂ ಅನಂತರ ಶೇಕಡಾ 7ರಷ್ಟೂ ಕಡಿತವಿದ್ದು 2020ರ ಮಾರ್ಚಿನ ಪರಿಷ್ಕರಣದಿಂದ ಸರಿಪಡಿಸಲು ತೊಡಗಿದರೆಂದೂ ತಿಳಿದುಬಂದಿತು. ಸಂಸ್ಥೆ ತೆರಲೊಪ್ಪಿದುದು 15 ಲಕ್ಷ ಡಾಲರು. ಮಾಲೀಕನೊಬ್ಬನಿಗೆ 625 ಡಾಲರಿನಂತೆ. ಹಣ ಅಲ್ಪವೆಂದು ಕೆಲವರು ಹೇಳಿಯಾರು. ಆದರೆ ಈ ವ್ಯಾಜ್ಯ ನಡೆಯದಿದ್ದಲ್ಲಿ ಮೇಲಿನ ಅಂಕಿಗಳಲ್ಲಿ ಒಂದಾದರೂ ನಮಗೆ ದೊರೆಯುತ್ತಿತ್ತೆ? ಬೆಂಕಿಯ ಭಯಕ್ಕೆ ಹೀಗೆ ಮಾಡಿದುದು ಅಗತ್ಯವೇ ಆಗಿದ್ದಿರಬಹುದು. ಹೇಳದೆ ಮಾಡಿದುದಕ್ಕೆ ಅದು ಸಮಾಧಾನವಾಗಲಾರದು.

ಇದಕ್ಕೆ ಪ್ರತಿಯಾಗಿ ಒಳಿತಿನ ದಾಖಲೆ ಹೊರಗಿನವರಿಂದ ಉಳಿದುಬಂದ ನಿದರ್ಶನವೂ ಉಂಟು. 2018ರ ಮೇ ತಿಂಗಳಲ್ಲಿ ಅಮೆರಿಕದ ‘ಕನ್ಸ್ಯೂಮರ್ ರಿಪೋರ್ಟ್ಸ್’ ಪತ್ರಿಕೆಯವರು ಪರೀಕ್ಷಿಸಿದಾಗ, ಗಂಟೆಗೆ 60 ಮೈಲಿ ವೇಗದಲ್ಲಿದ್ದ ಮಾಡೆಲ್ 3 ಕಾರು ನಿಲ್ಲಲು 152 ಅಡಿ ಹಿಡಿಯಿತು. ಅವರು ಆ ಕಾರನ್ನು ಶಿಫಾರಸು ಮಾಡಲಿಲ್ಲ. ಕೆಲವೇ ದಿನಗಳಲ್ಲಿ ಪರಿಷ್ಕರಣ ಬಂದು, ಅದೇ ಕಾರು 133 ಅಡಿಗಳಲ್ಲಿ ನಿಂತಿತು. ಬ್ರೇಕಿನ ಯಾವ ಭಾಗವನ್ನೂ ಬದಲಿಸಿರಲಿಲ್ಲ. ಇಂದು ಆ ಕಾಲದ ಮಾಡೆಲ್ 3 ಒಂದನ್ನು ತಂದು ಎಷ್ಟು ಪರೀಕ್ಷಿಸಿದರೂ 152 ಅಡಿಯ ಸುಳಿವು ಸಿಗುವುದಿಲ್ಲ. ಅದು ಪತ್ರಿಕೆಯಲ್ಲಿ ಮಾತ್ರ ಉಳಿದಿದೆ.

2021ರ ಅಕ್ಟೋಬರಿನಲ್ಲಿ ಈ ಎಳೆದಾಟ ಬಹಿರಂಗವಾಯಿತು. ತುರ್ತುವಾಹನಗಳ ಮಿನುಗುದೀಪಗಳನ್ನು ಗುರುತಿಸುವಂತೆ ಸೆಪ್ಟೆಂಬರಿನಲ್ಲಿ ಪರಿಷ್ಕರಣ ಕಳುಹಿಸಿದ್ದ ಟೆಸ್ಲಾ ಸಂಸ್ಥೆಯನ್ನು, ರೀಕಾಲ್ ಪ್ರಕಟಣೆಯನ್ನೇಕೆ ಸಲ್ಲಿಸಲಿಲ್ಲವೆಂದು ಸುರಕ್ಷತಾ ಇಲಾಖೆಯವರು ಪತ್ರಮುಖೇನ ಕೇಳಿದರು. ಆ ತಿಂಗಳ 23ರಂದು ಹೊರಟ ಮತ್ತೊಂದು ಪ್ರಾಯೋಗಿಕ ಆವೃತ್ತಿಯಲ್ಲಿ, ಎರಡು ಚಿಪ್ಪುಗಳ ನಡುವಣ ಸಂಪರ್ಕ ಕಡಿದು, ಎದುರಿಗೆ ಏನೂ ಇಲ್ಲದಿದ್ದರೂ ಅಪಾಯದ ಸೂಚನೆ ಮೂಡುವ, ಬ್ರೇಕು ತಾನಾಗಿ ಹಿಡಿಯುವ ದೋಷ ತಲೆದೋರಿತು. ಸಂಸ್ಥೆಯು ಕೂಡಲೇ ಅದನ್ನು ಹಿಂತೆಗೆದು ತಿದ್ದಿದ ಆವೃತ್ತಿಯನ್ನು ಕಳುಹಿಸಿತು. ಈ ಬಾರಿ 11,704 ಗಾಡಿಗಳ ರೀಕಾಲ್ ವರದಿಯೂ ಸಲ್ಲಿತು. ಎರಡು ಮೂರು ದಿನ ಮಾತ್ರ ಬದುಕಿದ್ದ ಒಂದು ದೋಷದ ಜನನ ಮರಣಗಳೆರಡೂ ಹೀಗೆ ತಾರೀಖಿನೊಡನೆ ನಮಗೆ ದಕ್ಕಿವೆ. ಆಮೇಲೆ ಇದು ವಾಡಿಕೆಯಾಯಿತು. 2024ರ ಫೆಬ್ರವರಿಯಲ್ಲಿ, ಪರದೆಯ ಎಚ್ಚರಿಕೆಯ ಅಕ್ಷರಗಳು ನಿಯಮಕ್ಕಿಂತ ಚಿಕ್ಕವಾಗಿದ್ದುವೆಂಬ ಕಾರಣಕ್ಕೆ ಸುಮಾರು 22 ಲಕ್ಷ ಗಾಡಿಗಳ ರೀಕಾಲ್ ನಡೆಯಿತು; ನಿಸ್ತಂತು ಪರಿಷ್ಕರಣವೇ ಅದರ ಪರಿಹಾರ.

ಎಲ್ಲ ದೋಷವೂ ಗಾಳಿಯಲ್ಲಿ ಬಂದು ಗಾಳಿಯಲ್ಲಿ ಹೋಗುವುದಿಲ್ಲ. 2021ರ ಫೆಬ್ರವರಿಯಲ್ಲಿ ಸುಮಾರು 1,35,000 ಹಳೆಯ ಟೆಸ್ಲಾ ಕಾರುಗಳ ರೀಕಾಲ್ ಆದುದು, ತಂತ್ರಾಂಶವು ಮತ್ತೆ ಮತ್ತೆ ಬರೆದು ಬರೆದು 8 ಗಿಗಾಬೈಟಿನ ಸ್ಮೃತಿಚಿಪ್ಪನ್ನೇ ಸವೆಯಿಸಿದುದರಿಂದ. ಅದನ್ನು ಕೈಯಿಂದಲೇ ಬದಲಿಸಬೇಕಾಯಿತು. 2023ರ ನವೆಂಬರಿನಲ್ಲಿ ರಿವಿಯನ್ ಸಂಸ್ಥೆಯವರು ಭದ್ರತಾ ಪ್ರಮಾಣಪತ್ರ ತಪ್ಪಾಗಿದ್ದ ಆವೃತ್ತಿಯನ್ನು ಕಳುಹಿಸಿ, ಕೆಲವು ಗಾಡಿಗಳ ಪರದೆಗಳೇ ಕತ್ತಲಾದುವು.

ಯುರೋಪಿನಲ್ಲಿ ಬೇರೊಂದು ಮಾರ್ಗವನ್ನು ಹಿಡಿದಿದ್ದಾರೆ. ವಿಶ್ವಸಂಸ್ಥೆಯ ಯುರೋಪು ಆರ್ಥಿಕ ಆಯೋಗದ ಆಶ್ರಯದಲ್ಲಿ 2020ರಲ್ಲಿ ಅಂಗೀಕೃತವಾಗಿ 2021ರ ಜನವರಿಯಲ್ಲಿ ಜಾರಿಗೆ ಬಂದ 156ನೆಯ ನಿಯಮವು ತಂತ್ರಾಂಶ ಪರಿಷ್ಕರಣವನ್ನೇ ಕುರಿತದ್ದು. ಪರಿಷ್ಕರಣದ ಉದ್ದೇಶವನ್ನು ಬಳಸುವವನಿಗೆ ತಿಳಿಸಬೇಕು. ಅದು ಅರ್ಧಕ್ಕೆ ನಿಂತರೆ ಗಾಡಿ ಹಿಂದಿನ ಆವೃತ್ತಿಗಾಗಲಿ ಸುರಕ್ಷಿತ ಸ್ಥಿತಿಗಾಗಲಿ ಮರಳಬೇಕು. ಅನುಮೋದನೆಗೆ ಸಂಬಂಧಿಸಿದ ತಂತ್ರಾಂಶಕ್ಕೆ ಗುರುತಿನ ಸಂಖ್ಯೆಯಿದ್ದು ಅದನ್ನು ಗಾಡಿಯಿಂದಲೇ ಓದುವಂತಿರಬೇಕು. ಭಾರತದಲ್ಲಿಯೂ ಇದೇ ವಿಷಯಕ್ಕೆ ಎಐಎಸ್ 190 ಎಂಬ ಮಾನದಂಡ ರಚಿತವಾಗಿದೆ. ಯಾವ ಪರಿಷ್ಕರಣದಿಂದ ಏನು ಬದಲಾಯಿತೆಂಬ ವಿವರವನ್ನು ನಿರ್ಮಾಪಕನು ಬರೆದಿಟ್ಟುಕೊಂಡು, ಅನುಮೋದನೆ ನೀಡುವ ಅಧಿಕಾರಿಗಳಿಗೆ ಒದಗಿಸತಕ್ಕದ್ದೆಂದು 156ನೆಯ ನಿಯಮ ಹೇಳುತ್ತದೆ. ಆ ಬರಹ ಇರುವುದು ನಿರ್ಮಾಪಕನ ಕಪಾಟಿನಲ್ಲಿ.