ಹೆಬ್ಬೆರಳ ಒತ್ತು, ನಿಧಾನದ ಉಸಿರು

ಬಳ್ಳಾರಿಯ ದಂಡುಪ್ರದೇಶಕ್ಕೆ ಅಂಟಿಕೊಂಡು ಬೆಳೆದ ಕೌಲ್ ಬಜಾರ್‌ನಲ್ಲಿ ಜೀನ್ಸ್ ಹೊಲಿಯುವವರ ಕೂಲಿ ಪೀಸಿನ ಲೆಕ್ಕದ್ದು. ಪೀಸು ಹೆಚ್ಚಾಗಬೇಕಾದರೆ ಬಗ್ಗಿಸಿದ ಕತ್ತು ಎತ್ತುವ ಹಾಗಿಲ್ಲ. ದಪ್ಪ ಬಟ್ಟೆಯನ್ನು ಸೂಜಿಯಡಿ ತಳ್ಳಿ ತಳ್ಳಿ ಮಣಿಕಟ್ಟು ಹಿಡಿದುಕೊಳ್ಳುತ್ತದೆ, ಹೆಗಲು ಕಲ್ಲಾಗುತ್ತದೆ. ಅತ್ತ ಸಿರುಗುಪ್ಪದ ಗದ್ದೆಗಳಲ್ಲಿ ಭತ್ತದ ಸಸಿ ನಾಟಿ ಮಾಡುವ ಹೆಂಗಸರಿಗೆ ಸೊಂಟದ್ದೇ ಚಿಂತೆ. ಸಂಜೆಗೆ ಇವರಿಗೆಲ್ಲ ಸಿಗುವ ಪರಿಹಾರ ನೋವಿನ ಮಾತ್ರೆ, ಮುಲಾಮು. ಇಲ್ಲವೇ ಬೋರಲು ಮಲಗಿ ಮನೆಯ ಮಗುವಿನಿಂದ ಬೆನ್ನು ತುಳಿಸಿಕೊಳ್ಳುವುದು.

ಈ ಕೊನೆಯದು ಸಣ್ಣ ವಿಷಯವಲ್ಲ. ದೇಹದ ಭಾರವನ್ನೇ ಒತ್ತಡವಾಗಿಸಿ ಬಿಗಿದ ಸ್ನಾಯುವನ್ನು ಸಡಿಲಿಸುವ ಕ್ರಮ ಏಷ್ಯಾದ ಹಲವು ನಾಡುಗಳಲ್ಲಿ ಬೆಳೆದಿದೆ. ಈ ಸೀಮೆಯಲ್ಲಿ ಅದರ ಆಸುಪಾಸಿನ ಹಳೆಯ ದಾಖಲೆಯೊಂದು ಹಂಪಿಯದು. 1520ರ ಹೊತ್ತಿಗೆ ವಿಜಯನಗರಕ್ಕೆ ಬಂದಿದ್ದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಯಸ್ ಕೃಷ್ಣದೇವರಾಯನ ದಿನಚರಿ ಬರೆದಿಟ್ಟಿದ್ದಾನೆ: ಬೆಳಗಾಗುವ ಮುನ್ನ ಎಳ್ಳೆಣ್ಣೆ ಕುಡಿಯುವುದು, ಮೈಗೆಲ್ಲ ಅದನ್ನೇ ಹಚ್ಚುವುದು, ಎಣ್ಣೆಯೆಲ್ಲ ಬೆವರಾಗಿ ಇಳಿಯುವವರೆಗೆ ಭಾರ ಎತ್ತಿ ಕತ್ತಿ ಬೀಸುವುದು, ಆಮೇಲೆ ಜಟ್ಟಿಯೊಡನೆ ಕುಸ್ತಿ. ಅರಮನೆಯ ಹೊರಗೆ ಮೈ ನೀವುವ ವಿದ್ಯೆ ಉಳಿದದ್ದು ಗರಡಿಮನೆಗಳಲ್ಲಿ, ಉಳುಕು ತೆಗೆಯುವವರಲ್ಲಿ, ಬಾಣಂತಿಗೆ ಎಣ್ಣೆ ನೀವುವ ಅಜ್ಜಿಯರಲ್ಲಿ. ಪ್ರಾಚೀನ ವೈದ್ಯಗ್ರಂಥ ಸುಶ್ರುತ ಸಂಹಿತೆ ದೇಹದಲ್ಲಿ 107 ಮರ್ಮಗಳನ್ನು ಗುರುತಿಸಿದೆ ನಿಜ. ಆದರೆ ಅಲ್ಲಿ ಅವು ಮುಖ್ಯವಾಗಿ ಪೆಟ್ಟು ಬೀಳದಂತೆ ಕಾಯಬೇಕಾದ ಜಾಗಗಳು. ಇವತ್ತಿನ ಒತ್ತುಬಿಂದುಗಳ ಪಟವನ್ನು ನೇರವಾಗಿ ಸುಶ್ರುತನಿಗೆ ಆರೋಪಿಸುವುದು ಸರಿಯಲ್ಲ.

ಜಪಾನಿನಲ್ಲಿ ಕೈಯ ವಿದ್ಯೆ ಬೇರೆ ದಾರಿ ಹಿಡಿಯಿತು. ಅಲ್ಲಿ 'ಅನ್ಮ' ಎಂಬ ಅಂಗಮರ್ದನವನ್ನು ಶತಮಾನಗಳ ಕಾಲ ಅಂಧರು ಕಸುಬಾಗಿ ನಡೆಸಿಕೊಂಡು ಬಂದಿದ್ದರು. 1905ರಲ್ಲಿ ಹುಟ್ಟಿದ ತೊಕುಜಿರೊ ನಮಿಕೊಶಿ ಬಾಲ್ಯದಲ್ಲಿ ತಾಯಿಯ ಕೀಲುನೋವಿಗೆ ಬೆರಳಿನಿಂದ ಒತ್ತುತ್ತ ಒತ್ತುತ್ತ 'ಶಿಯಾತ್ಸು' ಎಂಬ ತಮ್ಮದೇ ಕ್ರಮ ಕಂಡುಕೊಂಡರು. 1925ರಲ್ಲಿ ಚಿಕಿತ್ಸಾಲಯ, 1940ರಲ್ಲಿ ಟೋಕಿಯೊದಲ್ಲಿ ಶಿಯಾತ್ಸು ಶಾಲೆ ತೆರೆದರು. ಎಣ್ಣೆ ಬೇಡ, ಬಟ್ಟೆ ತೆಗೆಯಬೇಕಿಲ್ಲ. ಹೆಬ್ಬೆರಳು, ಅಂಗೈಗಳಿಂದ ಒಂದೊಂದು ಜಾಗದ ಮೇಲೆ ಕೆಲವು ಸೆಕೆಂಡು ನಿಧಾನವಾಗಿ ಭಾರ ಹಾಕುವುದು ಇದರ ರೀತಿ. ಮುಂದೆ ಶಿಜುತೊ ಮಸುನಾಗ ಚೀನೀ ವೈದ್ಯದ ನಾಡಿಮಾರ್ಗಗಳನ್ನೂ ಮನಶ್ಶಾಸ್ತ್ರವನ್ನೂ ಬೆಸೆದು ರೂಪಿಸಿದ 'ಜೆನ್ ಶಿಯಾತ್ಸು' ಯುರೋಪು, ಅಮೆರಿಕಕ್ಕೆ ಹರಡಿತು.

ಕನ್ನಡನಾಡಿನಲ್ಲಿ ಶಾಲೆ ಕಂಡದ್ದು ಕೈಗಿಂತ ಉಸಿರು. ಚಿತ್ರದುರ್ಗ ಜಿಲ್ಲೆಯ ಮುಚುಕುಂದಪುರದಲ್ಲಿ ಹುಟ್ಟಿದ ತಿರುಮಲೈ ಕೃಷ್ಣಮಾಚಾರ್ಯರು ನಾಲ್ವಡಿ ಕೃಷ್ಣರಾಜ ಒಡೆಯರ ಆಶ್ರಯದಲ್ಲಿ ಮೈಸೂರಿನ ಜಗನ್ಮೋಹನ ಅರಮನೆಯಲ್ಲಿ ಯೋಗಶಾಲೆ ನಡೆಸಿದರು. 1934ರಲ್ಲಿ 'ಯೋಗ ಮಕರಂದ'ವನ್ನು ಕನ್ನಡದಲ್ಲೇ ಬರೆದರು. ಅವರ ಶಿಷ್ಯ, ಕೋಲಾರ ಸೀಮೆಯ ಬೆಳ್ಳೂರಿನ ಬಿ.ಕೆ.ಎಸ್. ಅಯ್ಯಂಗಾರ್ ಜಗತ್ತಿಗೇ ಗುರುವಾದರು. ಆದರೆ ಹಳ್ಳಿಗಳ ಮಟ್ಟಿಗೆ ದೊಡ್ಡ ಹೆಸರು ಮಲ್ಲಾಡಿಹಳ್ಳಿಯ ರಾಘವೇಂದ್ರ ಸ್ವಾಮೀಜಿಯವರದು. ಊರೂರಿನಲ್ಲಿ ಶಿಬಿರ ಹೂಡಿ, ಆಯುರ್ವೇದದ ಔಷಧಿಯ ಜೊತೆಗೇ ಆಸನ, ಪ್ರಾಣಾಯಾಮಗಳನ್ನು ಕಾಸಿಲ್ಲದವರಿಗೂ ತಲುಪಿಸಿದ ಅವರ ಸೇವೆಗೆ ಸಲ್ಲಬೇಕಾದಷ್ಟು ಮನ್ನಣೆ ಇನ್ನೂ ಸಂದಿಲ್ಲ.

ಮುಂದೆ ಈ ವಿದ್ಯೆ ಬೆಂಗಳೂರಿನಲ್ಲಿ ವೈದ್ಯಕೀಯ ಪರೀಕ್ಷೆಗೂ ಒಳಗಾಯಿತು. 1985ರಲ್ಲಿ ಡಾ. ಆರ್. ನಾಗರತ್ನ ಮತ್ತು ಡಾ. ಎಚ್.ಆರ್. ನಾಗೇಂದ್ರ 53 ಮಂದಿ ಅಸ್ತಮಾ ರೋಗಿಗಳಿಗೆ ಯೋಗ, ಪ್ರಾಣಾಯಾಮ ಕಲಿಸಿ, ಅಷ್ಟೇ ಮಂದಿಯ ಇನ್ನೊಂದು ಗುಂಪಿನೊಡನೆ ಹೋಲಿಸಿ ನೋಡಿದ ಫಲಿತಾಂಶ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಅಚ್ಚಾಯಿತು. 2000ದಲ್ಲಿ ಪ್ರಕಟವಾದ ಅಧ್ಯಯನದಲ್ಲಿ ನಿಮ್ಹಾನ್ಸ್ ವೈದ್ಯರು ತೀವ್ರ ಖಿನ್ನತೆಯ 45 ರೋಗಿಗಳನ್ನು ಮೂರು ಗುಂಪು ಮಾಡಿ ನಾಲ್ಕು ವಾರ ಪರೀಕ್ಷಿಸಿದರು. ವಿದ್ಯುತ್ ಚಿಕಿತ್ಸೆ ಪಡೆದವರಲ್ಲಿ ಶೇ. 93, ಇಮಿಪ್ರಮಿನ್ ಮಾತ್ರೆ ಪಡೆದವರಲ್ಲಿ ಶೇ. 73, ಸುದರ್ಶನ ಕ್ರಿಯೆಯ ಉಸಿರಾಟ ಮಾಡಿದವರಲ್ಲಿ ಶೇ. 67 ಮಂದಿಗೆ ಖಿನ್ನತೆ ಇಳಿಯಿತು. ಗುಂಪುಗಳು ಚಿಕ್ಕವು. ಆದರೂ ಉಸಿರು ಮಾತ್ರೆಯ ಸಮೀಪಕ್ಕೆ ಬಂದು ನಿಂತದ್ದು ಗಮನಿಸಬೇಕಾದ ಸಂಗತಿ. ಬೆನ್ನುನೋವಿನ ಕತೆ ಬಂದದ್ದು 2008ರಲ್ಲಿ: ಬೆಂಗಳೂರು ಹೊರವಲಯದ ಯೋಗ ಸಂಸ್ಥೆಯಲ್ಲಿ 80 ಮಂದಿಯ ಮೇಲೆ ನಡೆದ ಏಳು ದಿನಗಳ ವಸತಿ ಶಿಬಿರದಲ್ಲಿ, ಬರೀ ವ್ಯಾಯಾಮ ಮಾಡಿದವರಿಗಿಂತ ಯೋಗ ಮಾಡಿದವರ ಸೊಂಟ ಹೆಚ್ಚು ಬಾಗಿತು, ಕೆಲಸಕ್ಕಾಗುವ ತೊಡಕು ಹೆಚ್ಚು ತಗ್ಗಿತು.

ಹೊಲಿಗೆಯವರಿಗೆ ಹೆಚ್ಚು ಹತ್ತಿರದ ಸಾಕ್ಷ್ಯ ಅಮೆರಿಕದ್ದು. ಮಣಿಕಟ್ಟಿನಲ್ಲಿ ನರ ಒತ್ತಿ ಬೆರಳು ಜೋಮು ಹಿಡಿಯುವ ಕಾಯಿಲೆಯ 42 ಮಂದಿಯ ಮೇಲೆ ನಡೆದ ಪರೀಕ್ಷೆ 1998ರಲ್ಲಿ ಪ್ರಕಟವಾಯಿತು. ಅಯ್ಯಂಗಾರ್ ಪದ್ಧತಿಯ ಹನ್ನೊಂದು ಆಸನಗಳನ್ನೂ ವಿಶ್ರಾಂತಿಯನ್ನೂ ಎಂಟು ವಾರ ಮಾಡಿದವರಲ್ಲಿ ಹಿಡಿತ ಬಲವಾಯಿತು, ನೋವು ತಗ್ಗಿತು.

ಒತ್ತಿದರೆ ನೋವು ಏಕೆ ತಗ್ಗುತ್ತದೆ? 1965ರಲ್ಲಿ ವಿಜ್ಞಾನಿಗಳಾದ ಮೆಲ್ಜಾಕ್ ಮತ್ತು ವಾಲ್ ಕೊಟ್ಟ ವಿವರಣೆ ಇನ್ನೂ ಬಳಕೆಯಲ್ಲಿದೆ: ಸ್ಪರ್ಶ, ಒತ್ತಡಗಳ ಸುದ್ದಿ ಒಯ್ಯುವ ದಪ್ಪ ನರತಂತುಗಳು ಎಚ್ಚರಗೊಂಡಾಗ ಬೆನ್ನುಹುರಿಯಲ್ಲಿ ನೋವಿನ ಸುದ್ದಿಗೆ ಅಡ್ಡಿಯಾಗುತ್ತದೆ. ಪೆಟ್ಟು ಬಿದ್ದ ಜಾಗವನ್ನು ಕೈ ತಾನಾಗಿ ಉಜ್ಜಿಕೊಳ್ಳುವುದರ ಹಿಂದಿನ ಕಾರಣವೂ ಇದೇ. ಉಸಿರಿನ ದಾರಿ ಬೇರೆ. ನಿಮಿಷಕ್ಕೆ ಆರರಷ್ಟು ಉಸಿರಾಡಿದಾಗ ಎದೆಬಡಿತ, ರಕ್ತದೊತ್ತಡಗಳ ಏರಿಳಿತ ಉಸಿರಿನೊಂದಿಗೆ ಹೊಂದಿಕೊಳ್ಳುತ್ತದೆ. ಇಟಲಿಯ ಸಂಶೋಧಕ ಬರ್ನಾರ್ಡಿ 2001ರಲ್ಲಿ ಕಂಡದ್ದು ಸೊಗಸಾಗಿದೆ: ಕ್ರೈಸ್ತರ ಜಪಸರದ ಪ್ರಾರ್ಥನೆಯಾಗಲಿ, ಮಂತ್ರಜಪವಾಗಲಿ, ಎರಡೂ ಉಸಿರನ್ನು ಇದೇ ಆರಕ್ಕೆ ತಂದು ನಿಲ್ಲಿಸುತ್ತವೆ.

ಶಿಯಾತ್ಸುವಿಗೆ ಇಷ್ಟು ಗಟ್ಟಿ ಆಧಾರ ಕೂಡಿಬಂದಿಲ್ಲ. ಬ್ರಿಟನ್ನಿನಲ್ಲಿ 2011ರಲ್ಲಿ ಪ್ರಕಟವಾದ ಸಮಗ್ರ ಪರಿಶೀಲನೆಯೊಂದು, ಬಿಂದುಗಳನ್ನಷ್ಟೇ ಒತ್ತುವ ಆಕ್ಯುಪ್ರೆಶರ್‌ಗೆ ನೋವು, ವಾಕರಿಕೆಗಳ ವಿಷಯದಲ್ಲಿ ತಕ್ಕಮಟ್ಟಿನ ಪುರಾವೆ ಕಂಡಿತು. ಪೂರ್ಣ ಶಿಯಾತ್ಸುವಿಗೆ ಪುರಾವೆ ಸಾಲದು ಎಂದಿತು. ಕಾರಣ ಊಹಿಸುವುದು ಕಷ್ಟವಲ್ಲ. ಉಸಿರನ್ನು ಎಣಿಸಬಹುದು, ನೂರು ಜನರಿಗೆ ಒಂದೇ ರೀತಿ ಕಲಿಸಬಹುದು. ಹೆಬ್ಬೆರಳಿನ ಭಾರ ಒಬ್ಬರದ್ದಿದ್ದ ಹಾಗೆ ಇನ್ನೊಬ್ಬರದ್ದಿರುವುದಿಲ್ಲ.

ಬಳ್ಳಾರಿಯಲ್ಲಿ ಒತ್ತು, ಉಸಿರುಗಳ ಈ ವಿದ್ಯೆಯನ್ನು ಮುಂದಕ್ಕೆ ಒಯ್ಯಲು ನೆಲೆ ಇದೆ. ತುಂಗಭದ್ರೆಯ ದಂಡೆಯಲ್ಲಿ ಪ್ರೇಮಾಯತನ ಆಶ್ರಮ ಕಟ್ಟಿದ ವೈದ್ಯ ಪಂಡಿತ ತಾರಾನಾಥರ ಹೆಸರಿನ ಸರ್ಕಾರಿ ಆಯುರ್ವೇದ ಕಾಲೇಜು ಇಲ್ಲಿಯದು. ಉಜಿರೆಯಲ್ಲಿ 1989ರಲ್ಲಿ ಆರಂಭವಾದ ಕಾಲೇಜಿನಂಥ ಕಡೆ ಕಲಿತ ಪ್ರಕೃತಿ ಚಿಕಿತ್ಸೆಯ ಪದವೀಧರರೂ ರಾಜ್ಯದಲ್ಲಿದ್ದಾರೆ. ಇವರು ಶಿಬಿರ ಹೂಡಬೇಕಾದದ್ದು ಕಲ್ಯಾಣಮಂಟಪಗಳಲ್ಲಲ್ಲ, ಹೊಲಿಗೆಯ ಷೆಡ್ಡುಗಳಲ್ಲಿ, ಚಹಾದ ಬಿಡುವಿನಲ್ಲಿ. ಮಷಿನ್ನಿನ ಮುಂದೆ ಕುಳಿತಲ್ಲೇ ನಾಲ್ಕೈದು ಸೆಕೆಂಡು ಉಸಿರೆಳೆದು, ಅದಕ್ಕಿಂತ ತುಸು ನಿಧಾನವಾಗಿ ಬಿಡುತ್ತ ಐದು ನಿಮಿಷ ಕಳೆಯಬಹುದು. ಜೊತೆಯವರು ಹೆಗಲು ಮತ್ತು ಕತ್ತಿನ ನಡುವಿನ ದಪ್ಪ ಸ್ನಾಯುವನ್ನು, ಎದುರಿನವರು ಉಸಿರು ಬಿಡುವಾಗ, ಹೆಬ್ಬೆರಳಿನಿಂದ ಮೆಲ್ಲಗೆ ಒತ್ತಬಹುದು. ಕತ್ತಿನ ಮುಂಭಾಗ, ಬೆನ್ನಿನ ಎಲುಬು, ಊದಿಕೊಂಡ ಮೀನಖಂಡ ಮುಟ್ಟಬಾರದು. ಗರ್ಭಿಣಿಯರಿಗೂ ಮೂಳೆ ಸವೆದ ಹಿರಿಯರಿಗೂ ಗಟ್ಟಿಯಾಗಿ ಒತ್ತಬಾರದು. ರಕ್ತದೊತ್ತಡ ಇರುವವರು ಉಸಿರು ಕಟ್ಟಿ ಹಿಡಿಯಬಾರದು. ಎಡತೋಳಿಗೆ ಇಳಿಯುವ ಎದೆನೋವು, ಕಾಲಿನ ಬಲ ಕುಸಿತ, ಜ್ವರದೊಂದಿಗೆ ಬರುವ ಬೆನ್ನುನೋವು ಕಂಡರೆ ಒತ್ತುತ್ತ ಕೂರದೆ ತಕ್ಷಣ ಆಸ್ಪತ್ರೆಗೆ ಹೋಗಬೇಕು.