ಪ್ರೌಢಶಾಲೆಗೆ ಒಂದು ಹರದಾರಿ

ಮೈಸೂರು ಸಂಸ್ಥಾನವು 1913ರಲ್ಲಿ ಕಡ್ಡಾಯ ವಿದ್ಯಾಭ್ಯಾಸದ ಶಾಸನವನ್ನು ಮಾಡಿದುದು ಪ್ರಾಥಮಿಕ ಶಾಲೆಗೆ ಮಾತ್ರ. 1997ರಲ್ಲಿ ಚನ್ನಗಿರಿ, ಹೊನ್ನಾಳಿಗಳು ಶಿವಮೊಗ್ಗೆಯನ್ನೂ ಜಗಳೂರು ಚಿತ್ರದುರ್ಗವನ್ನೂ ಬಿಟ್ಟು ದಾವಣಗೆರೆ ಜಿಲ್ಲೆಗೆ ಸೇರಿದುವು. ಹೊನ್ನಾಳಿಯ ನ್ಯಾಮತಿಯು ತರುವಾಯ ತಾನೇ ತಾಲ್ಲೂಕಾಯಿತು. ಗಡಿಗಳು ಸರಿದುವೇ ಹೊರತು ಅದರಿಂದ ಪ್ರೌಢಶಾಲೆಯ ದಾರಿಯು ಗೇಣಷ್ಟೂ ತಗ್ಗಲಿಲ್ಲ. 2006-07ರಿಂದ ಸರ್ಕಾರವು 8ನೆಯ ತರಗತಿಯ ಮಕ್ಕಳಿಗೆ ಹಂಚಿದ ಸೈಕಲ್ಲೇ ದಾರಿಯನ್ನು ಕೊಂಚ ತಗ್ಗಿಸಿತೆನ್ನಬೇಕು.

ಪ್ರತಿ ಊರಿಗೂ 5 ಕಿಲೋಮೀಟರಿನೊಳಗೆ ಪ್ರೌಢಶಾಲೆಯಿರತಕ್ಕದ್ದೆಂಬುದು 2009ರ ರಾಷ್ಟ್ರೀಯ ಮಾಧ್ಯಮಿಕ ಶಿಕ್ಷಾ ಅಭಿಯಾನದ ಗುರಿ. ಹಿರಿಯರ ಲೆಕ್ಕದಲ್ಲಿ ಇದು ಹೆಚ್ಚುಕಡಿಮೆ ಒಂದು ಹರದಾರಿ. ಹೋಗಿಬರುವ ಮಗುವಿಗೆ ಎರಡು, ಕಾಲ್ನಡಿಗೆಯಲ್ಲಿ ಎರಡು ಗಂಟೆಗೂ ಮೇಲು. ಅದೂ ದಾರಿ ನೇರವಾಗಿದ್ದರೆ. ನಕಾಶೆಯ ಗೆರೆಯು ತುಂಗಭದ್ರೆಯನ್ನು ಸಲೀಸಾಗಿ ದಾಟುತ್ತದೆ. ಹೊಳೆದಂಡೆಯ ಹುಡುಗಿಗೆ ಸೇತುವೆ ಬೇಕು. ಕತ್ತಲಾಗುವ ಮುನ್ನ ಮನೆ ಸೇರಲಾಗದಿದ್ದರೆ ಅವಳ ಓದು 7ನೆಯ ತರಗತಿಗೇ ನಿಲ್ಲುವುದು.