ಹುತ್ರಿದುರ್ಗದ ಮೇಲಿಂದ ಕಂಡ ಕೆರೆಗಳು

ಚಂದ್ರಾ ಲೇಔಟ್‌ನ ನಮ್ಮ ಅಪಾರ್ಟ್‌ಮೆಂಟಿನ ಬೋರ್‌ವೆಲ್ ಬತ್ತಿದ್ದು 2024ರ ಮಾರ್ಚ್‌ನಲ್ಲಿ. ಆ ತಿಂಗಳು ಬೆಂಗಳೂರಲ್ಲಿ ಯಾರಿಗೆ ತಾನೆ ನೀರಿನ ಚಿಂತೆ ಇರಲಿಲ್ಲ ಹೇಳಿ! ಬೆಳಗ್ಗೆ ಎದ್ದ ಕೂಡಲೇ ವಾಟ್ಸ್ಯಾಪ್ ಗ್ರೂಪಲ್ಲಿ "ಟ್ಯಾಂಕರ್ ಬಂತಾ?" ಅನ್ನೋ ಪ್ರಶ್ನೆ. ಆಮೇಲೆ ಮಳೆ ಬಂತು, ಎಲ್ಲರೂ ಮರೆತೆವು.

ನವೆಂಬರ್‌ನಲ್ಲಿ ಅಪ್ಪ ಬೇರೆ ಮಾತು ತೆಗೆದರು. ಕುಣಿಗಲ್ ತಾಲ್ಲೂಕಿನ ನಮ್ಮೂರಲ್ಲಿ ಉಳಿದಿರೋದು ಎರಡೇ ಎಕರೆ, ಕೆರೆ ಕೆಳಗಿನ ಗದ್ದೆ. "ಮಾರ್ಬಿಡಾಣ ಕಣೋ. ನಿನ್ನ ಲೋನು ಅರ್ಧ ತೀರ್ತದೆ," ಅಂದರು. ನಾನು ಹೂಂ ಅಂದೆ. ಮುಂದಿನ ಭಾನುವಾರ ಮಧ್ಯಾಹ್ನ ಜಮೀನು ನೋಡೋಕೆ ಪಾರ್ಟಿ ಬರುತ್ತೆ ಅಂತಾಯಿತು. ಹೇಗೂ ಆ ಕಡೆ ಹೋಗ್ತೀವಲ್ಲ, ಬೆಳಗ್ಗೆ ಬೇಗ ಹೊರಟು ಹುತ್ರಿದುರ್ಗ ಹತ್ತಿ ಹೋಗೋಣ ಅಂದೆ. ಚಿಕ್ಕಂದಿನಿಂದ ದೂರದಿಂದ ನೋಡಿದ ಬೆಟ್ಟ, ಒಮ್ಮೆಯೂ ಹತ್ತಿರಲಿಲ್ಲ.

ಸುಮನಹಳ್ಳಿಯಿಂದ ಮಾಗಡಿ ರೋಡು ಹಿಡಿದರೆ ತಾವರೆಕೆರೆ ದಾಟಿ ಅರ್ಕಾವತಿ ಸಿಗುತ್ತದೆ. ಅಲ್ಲೇ ಪಕ್ಕದಲ್ಲಿ ತಿಪ್ಪಗೊಂಡನಹಳ್ಳಿ ಜಲಾಶಯ. ಅರ್ಕಾವತಿ, ಕುಮುದ್ವತಿ ಸೇರುವ ಜಾಗದಲ್ಲಿ 1933ರಲ್ಲಿ ಕಟ್ಟಿದ್ದು. 1890ರ ದಶಕದ ಹೆಸರಘಟ್ಟದ ನೀರು ಊರಿಗೆ ಸಾಲದೆ ಹೋದಾಗ ಬೆಂಗಳೂರಿನ ಬಾಯಾರಿಕೆ ತಣಿಸಿದ್ದು ಇದೇ. ಈಗ ನಮ್ಮ ನಲ್ಲಿಗೆ ಸುಮಾರು 100 ಕಿಲೋಮೀಟರ್ ದೂರದಿಂದ ಕಾವೇರಿಯನ್ನು ಎತ್ತಿ ತರುತ್ತಾರೆ. ಹತ್ತಿರದ ನದಿ ಕೈಬಿಟ್ಟಷ್ಟೂ ಪೈಪು ಉದ್ದವಾಗುತ್ತಾ ಹೋಗಿದೆ.

ಮಾಗಡಿ ದಾಟಿ ಸಂತೆಪೇಟೆ ತಲುಪಿದಾಗ ಏಳು ಗಂಟೆ. ಹುತ್ರಿದುರ್ಗದ ಬುಡದ ಊರು ಅದು. ಸಾವನದುರ್ಗದ ಹಾಗೆ ಇಲ್ಲಿ ಜನಜಂಗುಳಿ ಇಲ್ಲ. ಬೆಟ್ಟದ ಎತ್ತರ ಸಮುದ್ರಮಟ್ಟದಿಂದ 3,700 ಅಡಿ ಆಸುಪಾಸು. ಒಂದರ ಮೇಲೊಂದು ಕೋಟೆಯ ಸುತ್ತು, ಒಂದಾದ ಮೇಲೊಂದು ಬಾಗಿಲು. ಒಟ್ಟು ಏಳು ಅಂತ ಲೆಕ್ಕ. ಬಂಡೆಯಲ್ಲೇ ಕಡೆದ ಮೆಟ್ಟಿಲು. ತುದಿಯಲ್ಲಿ ಶಂಕರೇಶ್ವರ ಗುಡಿ. ಮೇಲೆ ಅಂಗಡಿ ಇಲ್ಲ, ನೀರು ನೀವೇ ಒಯ್ಯಬೇಕು.

ಈ ದುರ್ಗ ಮಾಗಡಿ ಕೆಂಪೇಗೌಡರ ಮನೆತನಕ್ಕೆ ಸೇರಿದ್ದು. ನಾವೆಲ್ಲ ಕೆಂಪೇಗೌಡ ಅಂದ ತಕ್ಷಣ 1537, ಬೆಂಗಳೂರು, ನಾಲ್ಕು ಗೋಪುರ ಅಂತ ನಿಲ್ಲಿಸಿಬಿಡುತ್ತೇವೆ. ಕಥೆ ಮುಂದೆಯೂ ಇದೆ. 1638ರಲ್ಲಿ ಬಿಜಾಪುರದ ರಣದುಲ್ಲಾ ಖಾನನ ಸೈನ್ಯ ಬೆಂಗಳೂರನ್ನು ಹಿಡಿಯಿತು, ಊರು ಶಹಾಜಿಗೆ ಜಹಗೀರಾಗಿ ಹೋಯಿತು. ಗೌಡರ ಮನೆತನ ಮಾಗಡಿಗೆ ಬಂದು, ಸಾವನದುರ್ಗ, ಹುತ್ರಿದುರ್ಗದಂಥ ಕಲ್ಲುಬೆಟ್ಟಗಳ ಆಸರೆಯಲ್ಲಿ ಇನ್ನೂ ತೊಂಬತ್ತು ವರ್ಷ ಆಳಿತು. 1728ರಲ್ಲಿ ಮೈಸೂರಿನವರು ಮಾಗಡಿಯನ್ನೂ ಗೆದ್ದರು. ಕೊನೆಯ ಕೆಂಪೇಗೌಡ ಶ್ರೀರಂಗಪಟ್ಟಣದ ಸೆರೆಯಲ್ಲೇ ತೀರಿಕೊಂಡ.

ಮೂರನೇ ಬಾಗಿಲ ನೆರಳಲ್ಲಿ ಅಪ್ಪ ಮಂಡಿ ಹಿಡಿದುಕೊಂಡು ಕೂತರು. "ಇಷ್ಟೊಂದು ಗೋಡೆ ಕಟ್ಟವ್ರಲ್ಲ, ಇದನ್ನ ಯಾರಾರ ಗೆದ್ದವ್ರಾ?" ಅಂತ ಕೇಳಿದರು.

ಗೆದ್ದಿದ್ದಾರೆ. ಅದೂ ಒಂದೇ ದಿನದಲ್ಲಿ.

1791ರ ಮಾರ್ಚ್‌ನಲ್ಲಿ ಲಾರ್ಡ್ ಕಾರ್ನ್‌ವಾಲಿಸ್ ಬೆಂಗಳೂರು ಕೋಟೆ ಹಿಡಿದ. ಅಲ್ಲಿಂದ ಟಿಪ್ಪುವಿನ ಶ್ರೀರಂಗಪಟ್ಟಣದ ಹತ್ತಿರಕ್ಕೆ ಹೋದನಾದರೂ ಮೇ ತಿಂಗಳಲ್ಲಿ ವಾಪಸ್ ಬರಬೇಕಾಯಿತು. ಅನ್ನ ಇಲ್ಲ, ಎತ್ತುಗಳು ಸತ್ತವು, ಎಳೆಯುವವರಿಲ್ಲದ ದೊಡ್ಡ ಫಿರಂಗಿಗಳನ್ನು ತಾನೇ ಹಾಳುಮಾಡಿ ಬಿಟ್ಟುಬಂದ. ಎರಡನೇ ಸಲ ಹೋಗಬೇಕಾದರೆ ಬೆಂಗಳೂರಿನಿಂದ ದವಸ ಸಾಗಿಸುವ ದಾರಿ ಭದ್ರವಾಗಿರಬೇಕು ಅನ್ನೋದು ಅವನಿಗೆ ಅರ್ಥವಾಗಿತ್ತು. ಆ ದಾರಿಯ ಆಚೀಚೆ ಇದ್ದದ್ದೇ ಈ ದುರ್ಗಗಳು. ಡಿಸೆಂಬರ್ 21ಕ್ಕೆ ಸಾವನದುರ್ಗ ಬಿತ್ತು. ಮೂರೇ ದಿನ ಕಳೆದು, 24ಕ್ಕೆ ಹುತ್ರಿದುರ್ಗ. ಬಾಗಿಲು ಒಡೆದು, ಗೋಡೆ ಏರಿ, ಸುತ್ತಿನ ಮೇಲೆ ಸುತ್ತು ದಾಟಿ ಮೇಲೆ ಬಂದರು. ಇಂಗ್ಲಿಷರ ಬರಹಗಳಲ್ಲಿ ಇದು 'ಔಟ್ರಾಡ್ರೂಗ್'. ಮುಂದಿನ ಮಾರ್ಚ್ ಹೊತ್ತಿಗೆ ಟಿಪ್ಪು ಅರ್ಧ ರಾಜ್ಯ ಬಿಟ್ಟುಕೊಟ್ಟು, ಇಬ್ಬರು ಮಕ್ಕಳನ್ನು ಒತ್ತೆ ಇಟ್ಟು ಒಪ್ಪಂದ ಮಾಡಿಕೊಳ್ಳಬೇಕಾಯಿತು.

ಅಪ್ಪ ಎಲ್ಲ ಕೇಳಿ, "ಹಂಗಾದ್ರೆ ಕಲ್ಲೂ ಕಾಯಲ್ಲ ಅನ್ನು," ಅಂದರು.

ತುದಿ ತಲುಪಲು ಇನ್ನೊಂದು ಗಂಟೆ ಹಿಡಿಯಿತು. ಪೂರ್ವಕ್ಕೆ ಸಾವನದುರ್ಗದ ಬೋಳು ಬೆನ್ನು. ಉತ್ತರಕ್ಕೆ ಶಿವಗಂಗೆ. ಕೆಳಗೆ ನೋಡಿದರೆ ಕೆರೆ, ಕೆರೆ, ಕೆರೆ. ತೆಂಗಿನ ತೋಟಗಳ ಮಧ್ಯೆ ಒಂದೊಂದೂ ಬಿಸಿಲಿಗೆ ಹೊಳೆಯುತ್ತಿತ್ತು. ಮ್ಯಾಪಿನಲ್ಲಿ ನೋಡಿದರೆ ನೀಲಿ ಚುಕ್ಕೆಗಳು ಅಷ್ಟೆ. ಮೇಲಿಂದ ನೋಡಿದಾಗ ಲೆಕ್ಕಾಚಾರ ತಿಳಿಯುತ್ತದೆ. ಬಂಡೆ ನೀರು ಕುಡಿಯುವುದಿಲ್ಲ, ಬಿದ್ದ ಮಳೆಯೆಲ್ಲ ಇಳಿದು ಓಡುತ್ತದೆ. ಓಡುವ ನೀರಿಗೆ ಅಡ್ಡ ಒಂದು ಮಣ್ಣಿನ ಏರಿ. ಹೆಚ್ಚಾದದ್ದು ಕೋಡಿಯಲ್ಲಿ ಹರಿದು ಕೆಳಗಿನ ಊರಿನ ಕೆರೆಗೆ. ಅದು ತುಂಬಿದರೆ ಅದರ ಕೆಳಗಿನದಕ್ಕೆ. ಬೆಂಗಳೂರೂ ಹೀಗೇ ಇತ್ತು. ಧರ್ಮಾಂಬುಧಿ ಮೆಜೆಸ್ಟಿಕ್ ಬಸ್ ನಿಲ್ದಾಣವಾಯಿತು, ಸಂಪಂಗಿ ಕೆರೆ ಕಂಠೀರವ ಕ್ರೀಡಾಂಗಣವಾಯಿತು. ನಮ್ಮ ಮನೆ ಹತ್ತಿರದ ವೃಷಭಾವತಿಯನ್ನು ನದಿ ಅಂದರೆ ಇವತ್ತಿನ ಮಕ್ಕಳು ನಗುತ್ತಾರೆ.

"ಅಗೋ, ನಮ್ಮೂರ್ ಕೆರೆ," ಅಂತ ಅಪ್ಪ ಬೆರಳು ತೋರಿಸಿದರು. ಆಮೇಲೆ ಅವರಾಗೇ ಮಾತಾಡುತ್ತಾ ಹೋದರು. ನಮ್ಮ ತಾತ ಆ ಕೆರೆಯ ನೀರಗಂಟಿ. ತೂಬು ಎತ್ತೋದು, ಸರದಿ ಪ್ರಕಾರ ಯಾರ ಗದ್ದೆಗೆ ಎಷ್ಟು ಹೊತ್ತು ಅಂತ ನೀರು ಬಿಡೋದು, ಮಳೆಗಾಲದ ರಾತ್ರಿ ಕಂಬಳಿ ಹೊದ್ದು ಏರಿ ಮೇಲೆ ಓಡಾಡಿ ಎಲ್ಲಾದರೂ ಜಿನುಗ್ತಾ ಇದೆಯಾ ನೋಡೋದು. ಸಂಬಳ ಅಂತಿಲ್ಲ, ಸುಗ್ಗಿಯಲ್ಲಿ ಒಬ್ಬೊಬ್ಬರ ಕಣದಿಂದ ಇಷ್ಟಿಷ್ಟು ಭತ್ತ. ಜಗಳ ಆದರೂ ಅವರ ಮಾತೇ ಕೊನೆ. ಇದನ್ನೆಲ್ಲ ಅಪ್ಪ ನನಗೆ ಯಾವತ್ತೂ ಹೇಳಿರಲಿಲ್ಲ. ನಾನೂ ಕೇಳಿರಲಿಲ್ಲ.

ಅಲ್ಲಿ ಕೂತಾಗ ನನಗೆ ಅನಿಸಿದ್ದು ಇಷ್ಟು. ಕಲ್ಲಿನ ಏಳು ಬಾಗಿಲು ಒಂದು ದಿನ ತಡೆಯಲಿಲ್ಲ. ಬರೀ ಮಣ್ಣಿನ ಏರಿ ಇವತ್ತಿಗೂ ನೀರು ಹಿಡಿದುಕೊಂಡಿದೆ. ಮಣ್ಣು ಗಟ್ಟಿ ಅಂತಲ್ಲ. ಕೋಟೆಗೆ ಯುದ್ಧ ಬಂದಾಗ ಜನ ಬೇಕು; ಕೆರೆಗೆ ದಿನಾ ಒಬ್ಬರು ಬೇಕು. ಆ ಒಬ್ಬರು ಇದ್ದಷ್ಟು ಕಾಲ ಕೆರೆ ಇತ್ತು. ಚರಿತ್ರೆ ಪುಸ್ತಕದಲ್ಲಿ ಕಾರ್ನ್‌ವಾಲಿಸ್ ಹೆಸರಿದೆ, ಯಾವ ನೀರಗಂಟಿಯ ಹೆಸರೂ ಇಲ್ಲ.

ಇಳಿದು ಊರಿಗೆ ಹೋದಾಗ ಪಾರ್ಟಿ ಕಾರಿನ ಹತ್ತಿರ ಕಾಯ್ತಾ ಇದ್ದರು. ಒಳ್ಳೆಯ ಮನುಷ್ಯರೇ. "ಕೆರೆ ಕಡೆ ಗೋಡೆ ಹಾಕ್ಕೊಂಡ್ರೆ ಲೇಕ್ ವ್ಯೂ ಫಾರ್ಮ್‌ಹೌಸ್ ಮಾಡ್ಬಹುದು ಸಾರ್," ಅಂದರು. ಅವರು ಕೈ ತೋರಿಸಿದ ಜಾಗದಲ್ಲಿ ತೂಬಿನ ಕಾಲುವೆ ಇತ್ತು. ಅಪ್ಪ ನನ್ನ ಮುಖ ನೋಡಿದರು. ಒಂದೆರಡು ತಿಂಗಳು ಟೈಮ್ ಕೊಡಿ ಅಂದೆ.

ಅವರು ಇನ್ನೂ ಫೋನ್ ಮಾಡ್ತಾರೆ. ಇಎಂಐ ಪ್ರತಿ ತಿಂಗಳು 5ನೇ ತಾರೀಖು ತಪ್ಪದೆ ಕಟ್ ಆಗುತ್ತೆ. ಜಮೀನು ಉಳಿಸಿಕೊಳ್ತೀನಿ ಅಂತ ಎದೆ ತಟ್ಟಿ ಹೇಳುವ ಧೈರ್ಯ ನನಗೆ ಬಂದಿಲ್ಲ. ಆದರೆ ಯುಗಾದಿಗೆ ಮುಂಚೆ ಊರವರು ಕಾಲುವೆ ಹೂಳು ಎತ್ತುತ್ತಾರಂತೆ. ನಮ್ಮ ಪಾಲಿನ ದುಡ್ಡು ಫೋನ್‌ಪೇ ಮಾಡ್ತೀನಿ ಅಂದಿದ್ದಕ್ಕೆ ಅಪ್ಪ ಅಂದರು:

"ದುಡ್ಡು ಕಳಿಸ್ದೋರು ಬೇಕಾದಷ್ಟು ಜನ ಅವ್ರೆ. ಗುದ್ದಲಿ ಹಿಡಿಯೋರು ಇಲ್ಲ. ನೀನು ಬಾ."

ಆ ಶನಿವಾರಕ್ಕೆ ರಜೆ ಹಾಕಿದ್ದೀನಿ.